ಪೆನ್‌ಡ್ರೈವ್ ವೇಷ ಹಾಕಿದ ಪುಟಾಣಿ ಕಂಪ್ಯೂಟರ್!

ಬನ್ನಿ, ಒಂದು ಲೆಕ್ಕ ಹಾಕೋಣ. ಕೆಜಿಎಫ್‌ನ ಕೋರಮಂಡಲ್‌ನಿಂದ ಬೆಳಿಗ್ಗೆ ಕಾರು ಹೊರಟಿತು. ಬಂಗಾರಪೇಟೆ ದಾಟಿ ಬೆಂಗಳೂರು ಮುಟ್ಟಿತು. ಸಂಜೆ ಅದೇ ದಾರಿಯಲ್ಲಿ ವಾಪಸ್. ದಟ್ಟಣೆಯೂ ಸೇರಿ ಹೋಗಿಬರಲು ಐದು ಗಂಟೆ ಅಂದುಕೊಳ್ಳಿ. ಮುಂದಿನ ಗಾಜಿಗೆ ಅಂಟಿಕೊಂಡ ಡ್ಯಾಶ್‌ಕ್ಯಾಮ್ ದಾರಿಯುದ್ದಕ್ಕೂ ರೆಕಾರ್ಡ್ ಮಾಡುತ್ತಲೇ ಇತ್ತು. ಅದರೊಳಗೆ 32 ಜಿಬಿ ಕಾರ್ಡ್.

ರಾತ್ರಿ ಕಾರ್ಡ್ ತೆಗೆದು ನೋಡಿದರೆ, ಬೆಳಿಗ್ಗೆ ಮನೆ ಬಿಟ್ಟ ಹೊತ್ತಿನ ವಿಡಿಯೊ ಸಿಗುತ್ತದೆಯೇ? ಊಹಿಸಿ!

ಇಲ್ಲ! ಅಳಿಸಿಹೋಗಿದೆ! ಒಂದೇ ದಿನದಲ್ಲಿ!

ನಂಬಿಕೆ ಬರಲಿಲ್ಲವೇ? ಸಾಮಾನ್ಯ ಫುಲ್ ಎಚ್‌ಡಿ ಕ್ಯಾಮೆರಾ ಸೆಕೆಂಡಿಗೆ 15 ಮೆಗಾಬಿಟ್ ಬರೆಯುತ್ತದೆ ಎನ್ನಿ. ನಿಮಿಷಕ್ಕೆ 112 ಎಂಬಿ. ಗಂಟೆಗೆ 6.75 ಜಿಬಿ! 32 ಜಿಬಿ ಕಾರ್ಡ್ ತುಂಬಲು ಐದು ಗಂಟೆಯೂ ಬೇಡ. ತುಂಬಿದ ಮೇಲೆ ಕ್ಯಾಮೆರಾ ನಿಲ್ಲುವುದಿಲ್ಲ, ನಿಮ್ಮನ್ನು ಕೇಳುವುದೂ ಇಲ್ಲ. ಎಲ್ಲಕ್ಕಿಂತ ಹಳೆಯ ಫೈಲ್ ಅಳಿಸಿ, ಆ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಇದೇ ಲೂಪ್ ರೆಕಾರ್ಡಿಂಗ್. ಹಿಂದೆ ಇನ್ನೊಂದು ಕ್ಯಾಮೆರಾ ಇದ್ದರೆ ನೆನಪು ಇನ್ನೂ ಅರ್ಧ!

ಹಾಗಾದರೆ ಅಪಘಾತದ ವಿಡಿಯೊ ಗತಿ? ಅದಕ್ಕೊಂದು ಸೊಗಸಾದ ಏರ್ಪಾಡಿದೆ. ಕ್ಯಾಮೆರಾದೊಳಗೆ ಜಿ-ಸೆನ್ಸರ್ ಎಂಬ ಕಣದಷ್ಟು ಚಿಪ್. ಗಾಡಿಗೆ ಜೋರಾಗಿ ಕುಲುಕು ಬಿದ್ದರೆ ಸಾಕು, ಆ ಗಳಿಗೆಯ ಫೈಲಿಗೆ ಬೀಗ ಬೀಳುತ್ತದೆ. ಲೂಪ್ ಅದನ್ನು ಮುಟ್ಟುವುದಿಲ್ಲ.

ಏನೂ ನಡೆಯದ ಹೊತ್ತನ್ನೆಲ್ಲ ಬಿಟ್ಟುಬಿಡು, ಏನಾದರೂ ನಡೆದರೆ ಮಾತ್ರ ಹಿಡಿದಿಡು! ಎಂಥ ಉಪಾಯ! ಚಿನ್ನದ ಗಣಿಗಳ ನಮ್ಮ ಕೆಜಿಎಫ್ ಈ ಉಪಾಯವನ್ನು ಯಾವಾಗ ಕಂಡಿತು, ಹೇಳಿ ನೋಡೋಣ. ಡ್ಯಾಶ್‌ಕ್ಯಾಮ್ ಬಂದ ಮೇಲೆ? ಮೊಬೈಲ್ ಬಂದ ಮೇಲೆ?

1965ರಲ್ಲಿ! ಅದೂ ರಸ್ತೆಯ ಮೇಲಲ್ಲ. ನೆಲದಿಂದ 2.3 ಕಿಲೋಮೀಟರ್ ಕೆಳಗೆ!

ಕೋರಮಂಡಲ್ ಸ್ಟೇಷನ್‌ನಲ್ಲಿ ಮಾರಿಕುಪ್ಪಂ ಕಡೆಯ ರೈಲು ಹತ್ತಿ. ಊರ್ಗಾಂ ಆದ ಮೇಲೆ ಚಾಂಪಿಯನ್. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್, ಈ ಮೂರೂ ಕಡೆಯ ವಿಜ್ಞಾನಿಗಳು ಕಾದು ಕೂತಿದ್ದರು. ಯಾರಿಗಾಗಿ? ನ್ಯೂಟ್ರಿನೊಗಾಗಿ! ಇಡೀ ಭೂಮಿಯನ್ನೇ ತೂರಿ ಆಚೆ ಹೋಗುವ ಕಣ ಅದು. ತಂಡದಲ್ಲಿ ನಮ್ಮ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಇದ್ದರು, ಎಂ. ಜಿ. ಕೆ. ಮೆನನ್ ಇದ್ದರು.

ಈಗ ಕೇಳಿ, ಮೈ ಜುಮ್ಮೆನ್ನುವ ಭಾಗ ಇಲ್ಲಿದೆ. ಅಪರೂಪಕ್ಕೆ ಒಂದು ನ್ಯೂಟ್ರಿನೊ ಬಂಡೆಗೆ ಬಡಿದರೆ ಅಲ್ಲಿಂದ ಮ್ಯೂಯಾನ್ ಎಂಬ ಕಣ ಚಿಮ್ಮಬಹುದು. ಅದು ಎರಡು ಬದಿಯ ಸಿಂಟಿಲೇಟರ್ ಗೋಡೆಗಳನ್ನು, ಅಂದರೆ ಕಣ ಹಾದರೆ ಮಿನುಗುವ ಗೋಡೆಗಳನ್ನು, ಹಾಯ್ದುಹೋಗಬೇಕು. ಎರಡೂ ಬದಿಯಿಂದ ಒಟ್ಟಿಗೇ ಸುಳಿವು ಬಂದರೆ ಮಾತ್ರ ನಡುವಿನ ನಿಯಾನ್ ಕೊಳವೆಗಳಿಗೆ ಭಾರಿ ವೋಲ್ಟೇಜ್ ನುಗ್ಗುತ್ತಿತ್ತು. ಕಣ ಹಾದುಹೋದ ದಾರಿಯ ಕೊಳವೆಗಳು ಮಾತ್ರ ಝಗ್ಗನೆ ಹೊತ್ತಿಕೊಳ್ಳುತ್ತಿದ್ದವು. ಅದನ್ನು ಕ್ಯಾಮೆರಾ ಫಿಲ್ಮಿಗೆ ಇಳಿಸುತ್ತಿತ್ತು!

ಸುಳಿವು, ಮಿಂಚು, ಫೋಟೊ! ಉಳಿದ ದಿನಗಳೆಲ್ಲ ಕತ್ತಲೆ, ಮೌನ. ನಿಮ್ಮ ಕಾರಿನ ಜಿ-ಸೆನ್ಸರ್ ಮಾಡುವುದೂ ಇದನ್ನೇ ಅಲ್ಲವೇ? ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವನ್ನು ಜಗತ್ತಿಗೆ ಮೊದಲು ಪ್ರಕಟಿಸಿದ ತಂಡ ಇದೇ. ಆ ಲೇಖನ ಅಚ್ಚಾದ ದಿನ ಯಾವುದು ಗೊತ್ತೇ? 1965ರ ಆಗಸ್ಟ್ 15! ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಬೇಟೆಯಲ್ಲಿದ್ದ ತಂಡದ ಲೇಖನ ಬಂದದ್ದು ಅದೇ ತಿಂಗಳ 30ಕ್ಕೆ. ಸೈನೈಡ್ ದಿಬ್ಬಗಳ ನಮ್ಮ ಕೆಜಿಎಫ್‌ನ ಮಕ್ಕಳಿಗೆ ಶಾಲೆಯಲ್ಲಿ ಮೊದಲು ಹೇಳಬೇಕಾದ ಕಥೆ ಇದು, ನನ್ನ ಪ್ರಕಾರ!

ಮತ್ತೆ ಕಾರಿಗೆ ಬರೋಣ. ಇಲ್ಲೊಂದು ತೊಡಕಿದೆ. ಗಣಿಯ ಆಳದಲ್ಲಿ ಹಳ್ಳವಿಲ್ಲ, ಹಂಪ್ ಇಲ್ಲ. ನಮ್ಮ ರಸ್ತೆಯಲ್ಲಿ ಹೆಜ್ಜೆಗೊಂದು! ಸೆನ್ಸರ್ ಪ್ರತಿ ಹಳ್ಳವನ್ನೂ ಅಪಘಾತ ಅಂದುಕೊಳ್ಳುತ್ತದೆ. ಬೀಗ ಬಿದ್ದ ಫೈಲುಗಳೇ ಕಾರ್ಡ್ ತುಂಬಿಕೊಳ್ಳುತ್ತವೆ. ಹೊಸ ವಿಡಿಯೊಗೆ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ಸೆನ್ಸರ್‌ನ ಸೂಕ್ಷ್ಮತೆಯನ್ನು ‘ಲೋ’ಗೆ ಇಳಿಸಿ. ಅರ್ಧ ಕಾಟ ಅಲ್ಲಿಗೇ ಮುಗಿಯಿತು.

ಇನ್ನರ್ಧ? ದೊಡ್ಡ ಕಾರ್ಡ್! 256 ಜಿಬಿ ಹಾಕಿದರೆ ಸುಮಾರು 38 ಗಂಟೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಈ ಗಂಟೆಗಳ ಲೆಕ್ಕವಲ್ಲ. ದಿನಕ್ಕೆ ಐದು ಗಂಟೆಯಂತೆ ವರ್ಷವಿಡೀ ಓಡಿಸಿದರೆ ಕ್ಯಾಮೆರಾ ಬರೆಯುವುದು 12,000 ಜಿಬಿಗೂ ಹೆಚ್ಚು. 32 ಜಿಬಿ ಕಾರ್ಡಿನಲ್ಲಾದರೆ ಅದೇ ಜಾಗದ ಮೇಲೆ ವರ್ಷಕ್ಕೆ 385 ಸಲ ಅಳಿಸಿ ಬರೆಯಬೇಕು. 256 ಜಿಬಿಯಲ್ಲಿ? ಬರೀ 48 ಸಲ! ಫ್ಲ್ಯಾಶ್ ಮೆಮೊರಿ ಸವೆಯುವುದೇ ಅಳಿಸಿ ಬರೆಯುವುದರಿಂದ. ಅಂದರೆ ದೊಡ್ಡ ಕಾರ್ಡ್ ಹೆಚ್ಚು ನೆನಪಿಡುವುದಷ್ಟೇ ಅಲ್ಲ, ಹೆಚ್ಚು ಕಾಲ ಬದುಕುತ್ತದೆ! ಕೊಳ್ಳುವಾಗ ‘ಹೈ ಎಂಡ್ಯೂರೆನ್ಸ್’ ಎಂದು ಬರೆದಿರುವುದನ್ನೇ ಕೇಳಿ. ನಿಮ್ಮ ಕ್ಯಾಮೆರಾ ಎಷ್ಟು ಜಿಬಿವರೆಗೆ ಒಪ್ಪುತ್ತದೆ ಎಂದು ಮೊದಲು ನೋಡಿಕೊಳ್ಳಿ.

ಆದರೂ ಕಾರ್ಡ್ ಕಾರ್ಡೇ. ಎಂದಾದರೂ ತುಂಬುತ್ತದೆ. ಕಾರಿನ ಜೊತೆಗೇ ಕಳುವಾಗುತ್ತದೆ. ತುಂಬದ ಕಾರ್ಡ್ ಒಂದಿದ್ದರೆ? ಕಾರಿನಲ್ಲಿದ್ದುಕೊಂಡೇ ಮನೆಗೆ ನಡೆದುಬರುವ ಕಾರ್ಡ್ ಇದ್ದರೆ?

ಇದೆ!

ರಾಸ್ಪ್‌ಬೆರಿ ಪೈ ಝೀರೊ ಡಬ್ಲ್ಯು. 2017ರಲ್ಲಿ ಬಂತು. ಉದ್ದ 65 ಮಿಲಿಮೀಟರ್, ಅಗಲ 30. ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣ! ಆದರೆ ಪೂರ್ತಿ ಕಂಪ್ಯೂಟರ್. ಲಿನಕ್ಸ್ ಓಡುತ್ತದೆ, ವೈ-ಫೈ ಇದೆ. ಬಿಡುಗಡೆಯಾದಾಗ ಬೆಲೆ? ನೂರು ಡಾಲರ್? ಐವತ್ತು? ಹತ್ತು ಡಾಲರ್!

ಇದಕ್ಕೊಂದು ವಿದ್ಯೆ ಗೊತ್ತು. ಸಾಮಾನ್ಯವಾಗಿ ಕಂಪ್ಯೂಟರ್ ಯಜಮಾನ, ಅದಕ್ಕೆ ಚುಚ್ಚಿದ ಪೆನ್‌ಡ್ರೈವ್ ಆಳು. ಪೈ ಝೀರೊದ ಯುಎಸ್‌ಬಿ ಪೋರ್ಟ್ ಎರಡೂ ಪಾತ್ರ ಮಾಡಬಲ್ಲದು! ಕಾರಿಗೆ ಚುಚ್ಚಿದ ಕೂಡಲೇ ‘ನಾನೊಂದು ಪೆನ್‌ಡ್ರೈವ್’ ಅನ್ನುತ್ತದೆ. ಕಾರು ನಂಬುತ್ತದೆ! ತನ್ನ ಪಾಡಿಗೆ ವಿಡಿಯೊ ಬರೆಯುತ್ತ ಹೋಗುತ್ತದೆ. ಆ ಕಡೆ ಕೂತಿರುವುದು ಯೋಚಿಸಬಲ್ಲ ಯಂತ್ರ ಎಂದು ಅದಕ್ಕೆ ತಿಳಿಯುವುದೇ ಇಲ್ಲ!

2018ರಲ್ಲಿ ಟೆಸ್ಲಾ ಕಾರುಗಳಿಗೆ ಡ್ಯಾಶ್‌ಕ್ಯಾಮ್ ಸೌಲಭ್ಯ ಬಂತು. ವಿಡಿಯೊ ಉಳಿಯುತ್ತಿದ್ದದ್ದು ಯುಎಸ್‌ಬಿ ಡ್ರೈವ್‌ನಲ್ಲಿ. ಹವ್ಯಾಸಿಗಳು ತಡಮಾಡಲಿಲ್ಲ. ‘ಟೆಸ್ಲಾಯುಎಸ್‌ಬಿ’ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಕಾರು ಗೇಟಿನೊಳಗೆ ಬಂದು ನಿಲ್ಲುತ್ತದೆ. ಪೈ ಮನೆಯ ವೈ-ಫೈ ಗುರುತಿಸುತ್ತದೆ. ದಿನದ ವಿಡಿಯೊ ಎಲ್ಲ ತಾನಾಗಿಯೇ ಮನೆಯ ಹಾರ್ಡ್‌ಡಿಸ್ಕಿಗೆ ಇಳಿಯುತ್ತದೆ! ಯಾರೂ ಕಾರ್ಡ್ ಕೀಳಬೇಕಿಲ್ಲ!

ಪೈಯೊಳಗಿನ ಒಂದೇ ಡಿಸ್ಕಿನಲ್ಲಿ ಅತ್ತ ಕಾರು ಬರೆಯುತ್ತ, ಇತ್ತ ಪೈ ಕೈಯಾಡಿಸುತ್ತ ಇದ್ದರೆ ಫೈಲುಗಳೆಲ್ಲ ಕಲಸಿಹೋಗುವುದಿಲ್ಲವೇ? ಹೋಗುತ್ತವೆ! ಅದಕ್ಕೇ ಪೈ ಆ ಡಿಸ್ಕಿನ ‘ಸ್ನ್ಯಾಪ್‌ಶಾಟ್’ ತೆಗೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಡಿಸ್ಕ್ ಹೇಗಿತ್ತೋ ಹಾಗೇ ಹೆಪ್ಪುಗಟ್ಟಿದ ಪ್ರತಿ. ಪೈ ಓದುವುದು ಈ ಪ್ರತಿಯನ್ನು ಮಾತ್ರ. ಅದಕ್ಕೆ ಎಷ್ಟು ಜಾಗ ಬೇಕು? ಡಿಸ್ಕಿನಷ್ಟೇ? ಅರ್ಧದಷ್ಟು? ಶುರುವಿನಲ್ಲಿ ಹತ್ತಿರಹತ್ತಿರ ಸೊನ್ನೆ! ಮುಂದೆ ಬದಲಾದ ತುಣುಕುಗಳಿಗಷ್ಟೇ ಹೊಸ ಜಾಗ, ಉಳಿದದ್ದೆಲ್ಲ ಇಬ್ಬರಿಗೂ ಹಂಚಿಕೆ. ಇದನ್ನು ಮೊದಲು ಅರ್ಥಮಾಡಿಕೊಂಡಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ!

‘ನಮ್ಮದು ಟೆಸ್ಲಾ ಅಲ್ಲ, ಗಾಜಿಗೆ ಅಂಟಿಸಿದ ಕ್ಯಾಮೆರಾ’ ಅನ್ನುತ್ತೀರಾ? ಕೊರಗಬೇಡಿ. ಅದರಲ್ಲಿ ವೈ-ಫೈ ಇದೆಯೇ? ಇದ್ದರೆ ಅದು ತನ್ನದೇ ಪುಟ್ಟ ನೆಟ್‌ವರ್ಕ್ ಹರಡುತ್ತದೆ. ವಯೊಫೊದಂಥ ಅನೇಕ ಕ್ಯಾಮೆರಾಗಳೊಳಗೆ ಒಂದು ಪುಟಾಣಿ ವೆಬ್ ಸರ್ವರೇ ಅಡಗಿದೆ! ವಿಳಾಸ 192.168.1.254. ಮೊಬೈಲನ್ನು ಆ ವೈ-ಫೈಗೆ ಸೇರಿಸಿ ಬ್ರೌಸರಿನಲ್ಲಿ ಈ ಅಂಕಿ ಹೊಡೆಯಿರಿ. ಎಷ್ಟೋ ಕ್ಯಾಮೆರಾಗಳಲ್ಲಿ ಫೈಲುಗಳ ಪಟ್ಟಿ ಕಣ್ಣಮುಂದೆ! ಮೊಬೈಲ್ ಮಾಡುವ ಕೆಲಸವನ್ನು ಪೈ ಮಾಡಲಾರದೇ? ಫೈಲುಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತದೆ.

ಈಗ ದೊಡ್ಡ ಬೆರಗು. ಬಂಗಾರಪೇಟೆಯ ಪಾನಿಪುರಿ ಅಂಗಡಿ ಮುಂದೆ ನಿಂತಿದ್ದೀರಿ. ಕೈಯಲ್ಲಿ ಇಲ್ಲಿನ ಹೆಸರುವಾಸಿ ಬಿಳಿ ನೀರಿನ ಪಾನಿಪುರಿ. ಕಾರು ಕೋರಮಂಡಲ್‌ನ ಮನೆ ಮುಂದಿದೆ. ಅದರ ಮುಂದೆ ಈಗ ಯಾರು ನಿಂತಿದ್ದಾರೆ? ಮೊಬೈಲಿನಲ್ಲೇ ನೋಡಬಹುದೇ?

ನೋಡಬಹುದು! ಪೈಗೆ ಒಂದು 4ಜಿ ಡಾಂಗಲ್ ಬೇಕು. ಆದರೆ ಇಲ್ಲೊಂದು ಗೋಡೆ ಅಡ್ಡ ಬರುತ್ತದೆ. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಗ್ರಾಹಕರಿಗೆ ಹಂಚುತ್ತವೆ. ಹೊರಗಿನಿಂದ ನಿಮ್ಮ ಕಾರಿನ ಬಾಗಿಲನ್ನೇ ಹುಡುಕಿ ತಟ್ಟಲು ದಾರಿಯಿಲ್ಲ.

ಹಾಗಾದರೆ? ಕಾರೇ ನಿಮ್ಮನ್ನು ಕರೆಯುತ್ತದೆ! ವೈರ್‌ಗಾರ್ಡ್ ಎಂಬ ತಂತ್ರಾಂಶ ಕಾರಿನಿಂದ ಹೊರಗೆ ಒಂದು ಗೂಢಲಿಪಿಯ ಸುರಂಗ ಕೊರೆಯುತ್ತದೆ. 25 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಸಣ್ಣ ಸದ್ದು ಕಳಿಸುವಂತೆ ಹೊಂದಿಸಿದರೆ ಸುರಂಗ ಮುಚ್ಚುವುದಿಲ್ಲ. ಅದರೊಳಗಿಂದ ನೀವು ಕಾರು ಸೇರುತ್ತೀರಿ! 2020ರಲ್ಲಿ ವೈರ್‌ಗಾರ್ಡ್ ಲಿನಕ್ಸ್ ಕರ್ನೆಲ್‌ನ ಒಳಗೇ ಸೇರಿತು. ಇಂಥ ತಂತ್ರಾಂಶಕ್ಕೆ ಎಷ್ಟು ಸಾಲು ಕೋಡ್ ಬೇಕು? ಲಕ್ಷ? ಸುಮಾರು 4,000 ಅಷ್ಟೇ! ಇದನ್ನು ಹೊಂದಿಸುವುದು ಕಷ್ಟ ಅನಿಸಿದರೆ ಇದರ ಮೇಲೇ ಕಟ್ಟಿದ ಟೇಲ್‌ಸ್ಕೇಲ್ ಇದೆ, ಕೆಲವೇ ನಿಮಿಷದ ಕೆಲಸ.

ಒಂದು ಎಚ್ಚರಿಕೆ. ಇಡೀ ವಿಡಿಯೊವನ್ನು 4ಜಿ ಮೇಲೆ ಕಳಿಸಲು ಹೋಗಬೇಡಿ! ದಿನಕ್ಕೆ 2 ಜಿಬಿ ಪ್ಯಾಕ್ 18 ನಿಮಿಷದ ವಿಡಿಯೊಗೆ ಖಾಲಿ! ಬೀಗ ಬಿದ್ದ ತುಣುಕನ್ನಷ್ಟೇ ಆರಿಸಿ, ಸೆಕೆಂಡಿಗೆ 1 ಮೆಗಾಬಿಟ್‌ಗೆ ಕುಗ್ಗಿಸಿ ಕಳಿಸಿ. 112 ಎಂಬಿ ಇದ್ದ ಒಂದು ನಿಮಿಷ ಏಳೂವರೆ ಎಂಬಿಗೆ ಇಳಿಯುತ್ತದೆ! ಉಳಿದದ್ದಕ್ಕೆ ಮನೆಯ ವೈ-ಫೈ ಇದ್ದೇ ಇದೆ. ಅದು ಸೆಕೆಂಡಿಗೆ 20 ಮೆಗಾಬಿಟ್ ಎಳೆದರೆ ಒಂದು ಗಂಟೆಯ ವಿಡಿಯೊ ಇಳಿಯಲು 45 ನಿಮಿಷ.

ಕಾರು ಆಫ್ ಆದ ಮೇಲೆ ಕರೆಂಟ್ ಎಲ್ಲಿಂದ? ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿ. ಫ್ಯೂಸ್ ಬಾಕ್ಸ್! ಅಲ್ಲಿಂದ ‘ಹಾರ್ಡ್‌ವೈರ್ ಕಿಟ್’ ಎಂಬ ವೈರ್ ಎಳೆಸಿ. ಬ್ಯಾಟರಿ ವೋಲ್ಟೇಜ್ ಗೊತ್ತುಮಾಡಿದ ಮಟ್ಟಕ್ಕೆ ಇಳಿದರೆ ಅದೇ ಕರೆಂಟ್ ಕಡಿದುಹಾಕುತ್ತದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಆಗುತ್ತದೆ. ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇದರಲ್ಲಿ ಸ್ವಂತ ಸಾಹಸ ಬೇಡ.

ಇಷ್ಟೆಲ್ಲ ಯಾಕೆ ಬೇಕು ಅನ್ನುವವರು 2013ರ ಫೆಬ್ರವರಿ 15 ನೆನಪಿಸಿಕೊಳ್ಳಿ. ರಷ್ಯಾದ ಚೆಲ್ಯಾಬಿನ್ಸ್ಕ್. ಬೆಳಗಿನ ಆಕಾಶದಲ್ಲಿ ಸುಮಾರು 20 ಮೀಟರ್ ಗಾತ್ರದ ಉಲ್ಕೆ ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ನುಗ್ಗಿ ಸಿಡಿಯಿತು! ಅದನ್ನು ಹಿಡಿದದ್ದು ಯಾವ ದೂರದರ್ಶಕ? ಕಾರುಗಳ ಡ್ಯಾಶ್‌ಕ್ಯಾಮ್! ಇಂಥ ವಿಡಿಯೊಗಳ ನೆರವಿನಿಂದ ವಿಜ್ಞಾನಿಗಳು ಉಲ್ಕೆ ಬಂದ ಕಕ್ಷೆಯನ್ನು ಲೆಕ್ಕಹಾಕಿದರು. ಕೆಲಸಕ್ಕೆ ಹೊರಟಿದ್ದ ಜನರ ಕಾರುಗಳು ಖಗೋಳ ವಿಜ್ಞಾನಕ್ಕೆ ಸಾಕ್ಷಿ ಹೇಳಿದವು!

ಸಾಕ್ಷಿ ಅಂದಮೇಲೆ ಇನ್ನೊಂದು ಹೇಳಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿಡಿಯೊದಂಥ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು. ಅದರ ನಮೂನೆ ಫೈಲಿನ ‘ಹ್ಯಾಷ್’ ಕೇಳುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಾದರೆ ಬರೀ 64 ಅಕ್ಷರಗಳು. ನೂರಾರು ಎಂಬಿ ವಿಡಿಯೊದ ಒಂದೇ ಒಂದು ಬಿಟ್ ಬದಲಾಗಲಿ, ಆ 64 ಅಕ್ಷರಗಳ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ! ಫೈಲ್ ಇಳಿಸಿಕೊಂಡ ಕೂಡಲೇ ಪೈ ಈ ಹ್ಯಾಷ್ ತೆಗೆದು ಬರೆದಿಡಬಲ್ಲದು. ಆಮೇಲೆ ಯಾರಾದರೂ ಕೈಯಾಡಿಸಿದರೆ ಗೊತ್ತಾಗಿಬಿಡುತ್ತದೆ. ಇಷ್ಟು ದೊಡ್ಡ ಭರವಸೆ, ಇಷ್ಟು ಪುಟ್ಟ ಯಂತ್ರದಿಂದ!

ನಿಮ್ಮ ಕಾರಿನಲ್ಲಿ ಕ್ಯಾಮೆರಾ ಇದ್ದರೆ ಒಂದು ಕೆಲಸ ಈಗಲೇ ಮಾಡಿ. ಎಷ್ಟೋ ಡ್ಯಾಶ್‌ಕ್ಯಾಮ್‌ಗಳ ವೈ-ಫೈ ಪಾಸ್‌ವರ್ಡ್ ಪೆಟ್ಟಿಗೆಯಿಂದ ಬರುವಾಗಲೇ 12345678 ಆಗಿರುತ್ತದೆ. ಪಕ್ಕದಲ್ಲಿ ಗಾಡಿ ನಿಲ್ಲಿಸಿದ ಯಾರು ಬೇಕಾದರೂ ನಿಮ್ಮ ವಿಡಿಯೊ ತೆಗೆದುಕೊಳ್ಳಬಹುದು. ಪೈ, 4ಜಿ, ಸುರಂಗ ಎಲ್ಲ ಆಮೇಲೆ. ಮೊದಲು ಆ ಪಾಸ್‌ವರ್ಡ್ ಬದಲಿಸಿ!