ಮನೆಯ ಮಾತಿಗೆ ಅಕ್ಷರದ ದಾರಿ: ಸ್ವಾಭ್ಯಾಸಕ್ಕೆ ಎಂಥ ಪುಸ್ತಕ ಬೇಕು?

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಯೆಣೆಗೂರ, ಅದು ಸೇರಿದ ಉಮರ್ಗಾ ತಾಲೂಕು, ಅದರಾಚೆಗಿನ ನಿಲಂಗಾ, ಉದಗೀರ ತಾಲೂಕುಗಳ ಅನೇಕ ಕನ್ನಡ ಮನೆಗಳಲ್ಲಿ ಒಂದು ವಿಲಕ್ಷಣ ಪರಿಸ್ಥಿತಿಯುಂಟು. ಮಗು ಅಡಿಗೆಮನೆಯಲ್ಲಿ ಕನ್ನಡವಾಡುತ್ತದೆ, ಶಾಲೆಯಲ್ಲಿ ಮರಾಠಿ ಓದುತ್ತದೆ. ಆಳಂದದಿಂದಲೋ ಬಸವಕಲ್ಯಾಣದಿಂದಲೋ ಬಂದ ಲಗ್ನಪತ್ರಿಕೆಯನ್ನು ಅದರ ಕೈಗಿತ್ತರೆ ಸ್ವಂತ ಸೋದರಮಾವನ ಹೆಸರನ್ನೂ ಗುರುತಿಸಲಾರದು. ನಾಲಿಗೆಯ ಮೇಲೆ ತಾಯ್ನುಡಿಯಾಗಿರುವುದೇ ಕಾಗದದ ಮೇಲೆ ಪರಭಾಷೆಯಾಗಿದೆ.

ಇದಕ್ಕೆ ಕಾರಣವಿಲ್ಲದಿಲ್ಲ. ನಿಜಾಮನ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಉಸ್ಮಾನಾಬಾದ ಜಿಲ್ಲೆಯ ಉಮರ್ಗಾವೂ ಅತ್ತಲೇ ಹೋಯಿತು. 1960ರ ಮೇ 1ರಂದು ಇವೆಲ್ಲ ಮಹಾರಾಷ್ಟ್ರದ ಭಾಗಗಳಾದವು. ರಾಜ್ಯದ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಬೇಕಾದುದು ಸಹಜವೂ ಹೌದು, ಅವಶ್ಯವೂ ಹೌದು. ಆದರೆ ಮನೆಯ ಭಾಷೆಯ ಅಕ್ಷರವನ್ನು ಮನೆಯವರೇ ಕಲಿತು ಕಲಿಸದಿದ್ದರೆ ಅಜ್ಜನ ಪೆಟ್ಟಿಗೆಯ ಪುರಾಣದ ಹೊತ್ತಿಗೆ ಮೊಮ್ಮಗನ ಕಾಲಕ್ಕೆ ರದ್ದಿಯಾಗುವುದು ನಿಶ್ಚಯ.

ಕಲಿಯಬೇಕೆಂಬ ಆಸೆ ಹಲವರಿಗುಂಟು. ಸೋಲಾಪುರಕ್ಕೋ ಕಲಬುರ್ಗಿಗೋ ಹೋದಾಗ ಇಷ್ಟೇ ದಿನಗಳಲ್ಲಿ ಭಾಷೆ ಕಲಿಸುವೆನೆಂದು ಸಾರುವ ಪುಸ್ತಕವೊಂದನ್ನು ಕೊಂಡು ತರುತ್ತಾರೆ. ಹತ್ತು ಪುಟಗಳಾದ ಮೇಲೆ ಅದು ಮಾಡದ ಗೂಡು ಸೇರುತ್ತದೆ. ಇಲ್ಲಿ ಕಲಿಯುವವರ ಬುದ್ಧಿಯನ್ನು ದೂರುವುದು ಅನ್ಯಾಯ. ತನಗಿರುವ ಕೊರತೆ ಯಾವುದೆಂದು ಮೊದಲು ತಿಳಿದು, ಆ ಕೊರತೆಯನ್ನು ತುಂಬುವ ಪುಸ್ತಕವನ್ನೇ ಆರಿಸಬೇಕೆಂಬುದು ಸ್ವಾಭ್ಯಾಸದ ಮೊದಲ ಪಾಠ.

ನಮ್ಮಲ್ಲಿ ಕಲಿಯುವವರು ಸಾಮಾನ್ಯವಾಗಿ ಮೂರು ಬಗೆಯವರು.

ಮೊದಲನೆಯವರು ಕನ್ನಡ ಮಾತಾಡಬಲ್ಲರು, ಮರಾಠಿ ಓದಬಲ್ಲರು. ಇವರಿಗೆ ‘ನಿಮ್ಮ ಹೆಸರೇನು’ ಎಂದು ಕಲಿಸುವ ಸಂಭಾಷಣೆಯ ಪುಸ್ತಕದಿಂದ ಪ್ರಯೋಜನವಿಲ್ಲ. ಇವರಿಗೆ ಬೇಕಾದುದು ಅಕ್ಷರ ಮಾತ್ರ. ವರ್ಣಮಾಲೆಯ ಕ್ರಮ ಎರಡೂ ಲಿಪಿಗಳಲ್ಲಿ ಬಹುಮಟ್ಟಿಗೆ ಒಂದೇ ಆದುದರಿಂದ ಅರ್ಧ ಕೆಲಸ ಆಗಿಯೇ ಇದೆ. ತೊಡಕಿರುವ ಸ್ಥಳಗಳು ಕೆಲವೇ. ಮರಾಠಿಯ ಬಾಳಬೋಧ ಲಿಪಿಯಲ್ಲಿ ಹ್ರಸ್ವ ಎ, ಒ ಅಕ್ಷರಗಳು ಬೇರೆಯಾಗಿಲ್ಲ. ಹೀಗಾಗಿ ಹೊಲದ ‘ಬೆಳೆ’ಯೂ ಸಾರಿನ ‘ಬೇಳೆ’ಯೂ ಅಲ್ಲಿ ಒಂದೇ ರೂಪದಲ್ಲಿ ಬರೆಯಲ್ಪಡುತ್ತವೆ, ‘ಕೊಡು’ ಎಂಬುದಕ್ಕೂ ಎತ್ತಿನ ‘ಕೋಡು’ ಎಂಬುದಕ್ಕೂ ಭೇದ ಉಳಿಯುವುದಿಲ್ಲ. ಎರಡನೆಯದು ಒತ್ತಕ್ಷರ. ಮರಾಠಿಯಲ್ಲಿ ಮೊದಲ ವ್ಯಂಜನ ಹೆಚ್ಚಾಗಿ ಅರ್ಧವಾಗುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ಣವಾಗಿದ್ದು ಎರಡನೆಯದು ಕೆಳಗಿಳಿಯುತ್ತದೆ. ಮೂರನೆಯದು ‘ಕರ್ಮ’, ‘ಧರ್ಮ’ ಶಬ್ದಗಳಲ್ಲಿಯ ರಕಾರ. ಮರಾಠಿಯಲ್ಲಿ ಅದು ಅಕ್ಷರದ ತಲೆಯ ಮೇಲೆ ಕುಳಿತರೆ ಕನ್ನಡದಲ್ಲಿ ಅಕ್ಷರದ ಬಲಗಡೆಗೆ ಅರ್ಕಾವೊತ್ತಾಗಿ ನಿಲ್ಲುತ್ತದೆ. ಈ ಮೂರನ್ನು ಬಿಡಿಸಿ ತೋರಿಸಿ ಸಾಕಷ್ಟು ಅಭ್ಯಾಸ ಕೊಡುವ, ದೊಡ್ಡ ಅಕ್ಷರದ ಪುಸ್ತಕವನ್ನು ಆರಿಸಬೇಕು. ಕನ್ನಡ ಶಬ್ದಗಳ ಉಚ್ಚಾರವನ್ನು ಕೊನೆಯ ಪುಟದವರೆಗೂ ಮರಾಠಿ ಲಿಪಿಯಲ್ಲಿ ಕೊಡುವ ಪುಸ್ತಕ ಬೇಡ. ಕಣ್ಣು ಪರಿಚಿತ ಲಿಪಿಯತ್ತಲೇ ಓಡುತ್ತದೆ.

ಅಕ್ಷರ ಕೂಡಿಬಂದೊಡನೆ ಬಾಯಿಪಾಠವಾಗಿರುವುದನ್ನೇ ಓದತಕ್ಕದ್ದು. ಮನೆಯಲ್ಲಿ ದಿನವೂ ಹೇಳುವ ಬಸವಣ್ಣನವರ ವಚನವಿರಲಿ, ದಾಸರ ಪದವಿರಲಿ, ಅಚ್ಚಿನಲ್ಲಿ ಮುಂದಿಟ್ಟುಕೊಂಡರೆ ಕಿವಿ ಮುಂದೆ ನಡೆದು ಕಣ್ಣಿಗೆ ದಾರಿ ತೋರುತ್ತದೆ. ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಉತ್ತಮವಾದ ವಾಚನಪುಸ್ತಕ ಇವರಿಗೆ ಸಿಗಲಾರದು.

ಎರಡನೆಯ ಬಗೆಯವರು ಮರಾಠಿ ಮನೆಯಿಂದ ಕನ್ನಡ ಮನೆಗೆ ಬಂದ ಸೊಸೆಯಂದಿರು, ಊರಿಂದ ದೂರ ಬೆಳೆದ ಮಕ್ಕಳು. ಇವರಿಗೆ ಮಾತು ಮೊದಲು, ಅಕ್ಷರ ಅನಂತರ. ಇವರ ಪುಸ್ತಕದಲ್ಲಿ ಬಿಡಿ ಶಬ್ದಗಳ ಪಟ್ಟಿಗಿಂತ ಪೂರ್ಣ ವಾಕ್ಯಗಳಿರಬೇಕು. ಜೊತೆಗೆ ಧ್ವನಿ ಬೇಕು. ಅತ್ತೆಯವರೂ ನೆರೆಯವರೂ ಇದ್ದೇ ಇದ್ದಾರೆ. ಆಕಾಶವಾಣಿಯ ಕನ್ನಡ ಕಾರ್ಯಕ್ರಮಗಳನ್ನು ಇಂದು ಮೊಬೈಲಿನಲ್ಲಿಯೂ ಕೇಳಬಹುದು. ಇಲ್ಲೊಂದು ಎಚ್ಚರಿಕೆ ಅವಶ್ಯ. ಮನೆಯಲ್ಲಿ ‘ಹೋಗಲಾಕತ್ತಾನ’ ಎಂದು ಕೇಳಿದ್ದು ಪುಸ್ತಕದಲ್ಲಿ ‘ಹೋಗುತ್ತಿದ್ದಾನೆ’ ಎಂದಿರುತ್ತದೆ. ಒಂದು ಶುದ್ಧ, ಇನ್ನೊಂದು ಅಶುದ್ಧವೆಂದು ತಿಳಿಯಬಾರದು. ಒಂದು ಆಡುವ ರೂಪ, ಇನ್ನೊಂದು ಬರೆಯುವ ರೂಪ. ನೋಟುಪುಸ್ತಕದಲ್ಲಿ ಎರಡನ್ನೂ ಎದುರುಬದುರಾಗಿ ಬರೆದಿಟ್ಟುಕೊಂಡರೆ ಯಾವ ಅಂಗಡಿಯಲ್ಲಿಯೂ ಸಿಗದ ಪಠ್ಯಪುಸ್ತಕವೊಂದು ಮನೆಯಲ್ಲಿಯೇ ಸಿದ್ಧವಾಗುತ್ತದೆ.

ಮೂರನೆಯವರು ಅಕ್ಷರ ಕೂಡಿಸಿ ಓದಬಲ್ಲರು, ಆದರೆ ವೃತ್ತಪತ್ರಿಕೆಯ ಮುಂದೆ ತಡವರಿಸುತ್ತಾರೆ. ಇವರಿಗೆ ಕ್ರಮವಾಗಿ ಮೇಲೇರುವ ವಾಚನ ಬೇಕು. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ‘ಬಾಲಭಾರತಿ’ಯು ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಪ್ರಕಟಿಸುತ್ತದೆ. ಮರಾಠಿಯಲ್ಲಿ ಇತಿಹಾಸ, ಭೂಗೋಳ ಕಲಿತವರು ಅದೇ ತರಗತಿಯ ಕನ್ನಡ ಪುಸ್ತಕವನ್ನು ಪಕ್ಕದಲ್ಲಿಟ್ಟು ಓದಿದರೆ ವಿಷಯ ಪರಿಚಿತ, ಭಾಷೆಯಷ್ಟೇ ಹೊಸತು. ನಿಘಂಟೂ ಇವರಿಗೇ ಬೇಕು. 1853ರಲ್ಲಿ ಧಾರವಾಡಕ್ಕೆ ಬಂದ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟ್ಟೆಲರು 1894ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು ಪರಭಾಷಿಕನೊಬ್ಬನ ಕಲಿಕೆಯ ಮಹಾಫಲ. ಆದರೆ ಆರಂಭದ ಅಭ್ಯಾಸಿಗೆ ಅದು ಹೊರಲಾರದ ಹೊರೆ. ಕನ್ನಡ ಸಾಹಿತ್ಯ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ವಿನಂಥದು ಸಾಕು. ‘ಮನೆಯಲ್ಲಿ’ ಎಂಬುದನ್ನು ‘ಮನೆ’ ಎಂದೂ ‘ಹೋಗುತ್ತೇನೆ’ ಎಂಬುದನ್ನು ‘ಹೋಗು’ ಎಂದೂ ಮೂಲರೂಪಕ್ಕೆ ತಂದು ಹುಡುಕುವ ರೂಢಿ ಮಾತ್ರ ಬೇಕು.

ಯಾವ ಬಗೆಯವರೇ ಆಗಲಿ, ಹಣ ಕೊಡುವ ಮುನ್ನ ಪುಸ್ತಕವನ್ನು ಪರೀಕ್ಷಿಸತಕ್ಕದ್ದು. ಅಭ್ಯಾಸದ ಪ್ರಶ್ನೆಗಳಿಗೆ ಕೊನೆಯಲ್ಲಿ ಉತ್ತರಗಳಿವೆಯೇ ಎಂದು ನೋಡಿರಿ. ಗುರುವಿಲ್ಲದವನಿಗೆ ಉತ್ತರವಿಲ್ಲದ ಪ್ರಶ್ನೆ ವ್ಯರ್ಥ. ಓದಬಲ್ಲವರು ನಡುವಿನ ಪುಟವೊಂದನ್ನು ತೆರೆಯಿರಿ. ಅರ್ಧ ಪುಟದಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಅಪರಿಚಿತ ಶಬ್ದಗಳಿದ್ದರೆ ಆ ಪುಸ್ತಕಕ್ಕೆ ಇನ್ನೂ ಕಾಲ ಬಂದಿಲ್ಲ. ಒಮ್ಮೆಗೆ ಒಂದೇ ಮುಖ್ಯ ಪುಸ್ತಕವಿರಲಿ. ನಾಲ್ಕು ಪುಸ್ತಕಗಳ ಮೊದಲ ಪಾಠ ಓದುವುದಕ್ಕಿಂತ ಒಂದರ ಕೊನೆಯ ಪಾಠ ಮುಟ್ಟುವುದು ಲೇಸು. ನೌಕರಿಗಾಗಿ ಪುಣೆಯಲ್ಲಿ ಜರ್ಮನ್ ಅಥವಾ ಜಪಾನಿ ಕಲಿಯಹೊರಟ ನಮ್ಮ ತರುಣರಿಗೂ ಇದೇ ಮಾತು ಸಲ್ಲುತ್ತದೆ.

ಎರಡು ಭಾಷೆಗಳ ನಡುವೆ ಬೆಳೆಯುವುದು ನಷ್ಟವೆಂದು ಯಾರೂ ಭಾವಿಸಬೇಕಾಗಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿಯಾಗಿತ್ತು. 1973ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದುದು ಕನ್ನಡ ಕಾವ್ಯಕ್ಕಾಗಿ. ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆದ ನಮಗೆ ದಾರಿ ಅವರಿಗಿಂತ ಸಮೀಪದ್ದು. ರಾತ್ರಿ ಊಟವಾದ ಮೇಲೆ ಕಾಲು ಗಂಟೆ, ಹಿರಿಯರೊಬ್ಬರು ಹೇಳಲು, ಕಿರಿಯರೊಬ್ಬರು ಬೆರಳಿಟ್ಟು ಓದಲು ಸಿದ್ಧರಾದರೆ ಮುಂದಿನ ಲಗ್ನಸರಾಯಿಯ ಹೊತ್ತಿಗೆ ಲಗ್ನಪತ್ರಿಕೆಯನ್ನು ಓದಿ ಹೇಳುವವರು ಮನೆಯಲ್ಲಿಯೇ ಇರುತ್ತಾರೆ.