ಪಾಟೀಚೀಲ ತುಂಬಲಿ, ಪರ್ಸ್ ಖಾಲಿಯಾಗದಿರಲಿ

ಮೇ ತಿಂಗಳ ಕೊನೆ ವಾರ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಮನೆಗಳಲ್ಲಿ ಎರಡು ಪಟ್ಟಿಗಳು ಒಟ್ಟಿಗೇ ತಯಾರಾಗುತ್ತವೆ. ಒಂದು ಬೀಜ-ಗೊಬ್ಬರದ್ದು, ಇನ್ನೊಂದು ಮಕ್ಕಳ ಶಾಲೆಯದ್ದು. ಹೊಲ ಇಲ್ಲದವರಿಗೂ ಈ ಬಿಸಿ ತಪ್ಪಿದ್ದಲ್ಲ. ರೈತರ ಕೈಯಲ್ಲಿ ದುಡ್ಡಿದ್ದರೆ ತಾನೇ ಪೇಟೆಯಲ್ಲಿ ವ್ಯಾಪಾರ? ಇಂಥ ಹೊತ್ತಿನಲ್ಲೇ ಮಗಳಿಗೆ ಹೊಸ ಬ್ಯಾಗ್ ಬೇಕು, ಮಗನ ಬೂಟು ಬಿಗಿಯಾಗಿದೆ. ಕೊನೆಗೆ ಪರಿಚಯದ ಅಂಗಡಿಯಲ್ಲಿ ಉದ್ರಿ ಬರೆಸುತ್ತೀರಿ. ಉದ್ರಿ ಬರೆಸಿದ ಮೇಲೆ ಚೌಕಾಶಿ ಮಾಡಲು ಬಾಯಿ ಬರುತ್ತದೆಯೇ? ಅದಕ್ಕೇ ಈ ಬಾರಿ ಸ್ವಲ್ಪ ಮುಂಚೆಯೇ ಲೆಕ್ಕ ಹಾಕೋಣ ಬನ್ನಿ.

ಮೊದಲು ಮನೆಯಲ್ಲೇ ಶಾಪಿಂಗ್!

ಪೇಟೆಗೆ ಹೊರಡುವ ಮೊದಲು ಕಪಾಟು ತೆಗೆಯಿರಿ. ಕಳೆದ ವರ್ಷದ ನೋಟ್‌ಬುಕ್‌ಗಳಲ್ಲಿ ಎಷ್ಟು ಹಾಳೆ ಖಾಲಿ ಉಳಿದಿವೆ ನೋಡಿ. ಅವನ್ನು ಬಿಡಿಸಿ ದಾರ ಹಾಕಿ ಹೊಲಿದರೆ ಎರಡು ರಫ್ ಬುಕ್ ಆಗುತ್ತವೆ. ಕಂಪಾಸ್ ಪೆಟ್ಟಿಗೆಯಲ್ಲಿ ಕೋನಮಾಪಕ ಒಂದೇ ಕಳೆದಿದ್ದರೆ ಅದೊಂದನ್ನೇ ಬಿಡಿಯಾಗಿ ಕೇಳಿ, ಇಡೀ ಪೆಟ್ಟಿಗೆ ಯಾಕೆ?

ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಪಠ್ಯಪುಸ್ತಕ, ಸಮವಸ್ತ್ರ, ಬೂಟು-ಸಾಕ್ಸ್ ಸರ್ಕಾರದ ಯೋಜನೆಗಳಲ್ಲಿ ಉಚಿತವಾಗಿಯೇ ಸಿಗುತ್ತವೆ. ಯಾವುದು ಯಾವಾಗ ಬರುತ್ತದೆ ಎಂದು ಶಾಲೆಯಲ್ಲಿ ಕೇಳಿದ ಮೇಲೆಯೇ ಪೇಟೆಗೆ ಹೋಗಿ. ಅನುದಾನಿತ ಶಾಲೆಯವರಿಗೂ ಪಠ್ಯಪುಸ್ತಕ ಉಚಿತ. ಖಾಸಗಿ ಶಾಲೆಯಾದರೆ ಮೇಲಿನ ತರಗತಿಗೆ ಹೋದ ನೆರೆಮನೆ ಮಕ್ಕಳ ಪುಸ್ತಕ ಕೇಳಿ ಪಡೆಯಬಹುದು. ಆದರೆ ಮುದ್ರಣದ ವರ್ಷ ನೋಡಿಕೊಳ್ಳಿ. ರಾಜ್ಯ ಪಠ್ಯಕ್ರಮದ ಕೆಲವು ಪುಸ್ತಕಗಳು 2022 ಮತ್ತು 2023ರಲ್ಲಿ ಪರಿಷ್ಕರಣೆಯಾಗಿವೆ.

ಊರಲ್ಲೋ, ವಿಜಯಪುರದಲ್ಲೋ?

"ವಿಜಯಪುರಕ್ಕ ಹೋದ್ರ ಅಗ್ಗ ಸಿಗ್ತಾವ್ರಿ" ಅನ್ನುವ ಮಾತು ನಾಲ್ಕೂ ಊರಲ್ಲಿದೆ. ಗಾಂಧಿ ಚೌಕ, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಕಡೆ ಅಂಗಡಿಗಳು ಹೆಚ್ಚು, ಆಯ್ಕೆಯೂ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚೂ ಇಲ್ಲ. ಹಾಗಂತ ನಾಲ್ಕು ನೋಟ್‌ಬುಕ್ಕಿಗಾಗಿ ಹೋಗಬೇಡಿ. ಇಡೀ ಕುಟುಂಬ ಹೊರಟರೆ ಯಜಮಾನರ ಟಿಕೆಟ್, ದೊಡ್ಡ ಮಗನ ಟಿಕೆಟ್, ಮಧ್ಯಾಹ್ನದ ಊಟ, ಆಟೊ ಎಲ್ಲ ಸೇರಿ ಉಳಿದದ್ದು ಅಲ್ಲೇ ಕರಗುತ್ತದೆ.

ಓಣಿಯ ನಾಲ್ಕು ಮನೆಯವರು ಸೇರಿ ಪಟ್ಟಿ ಮಾಡಿ, ಇಬ್ಬರು ಗೃಹಿಣಿಯರು ಮಾತ್ರ ಹೋಗಿಬನ್ನಿ. ನೋಟ್‌ಬುಕ್, ಪೆನ್, ಪೆನ್ಸಿಲ್‌ಗಳನ್ನು ಡಜನ್ ಲೆಕ್ಕದಲ್ಲಿ ಹೋಲ್‌ಸೇಲ್ ಅಂಗಡಿಯಲ್ಲಿ ಕೊಂಡು ಹಂಚಿಕೊಳ್ಳಿ. ಬೂಟು ಮತ್ತು ಬ್ಯಾಗ್ ಮಾತ್ರ ನಿಮ್ಮೂರಿನಲ್ಲೇ ಇರಲಿ. ಅಳತೆ ಹೆಚ್ಚುಕಮ್ಮಿಯಾದರೆ, ಜಿಪ್ ಕಿತ್ತರೆ ಮರುದಿನವೇ ಹೋಗಿ "ಅಣ್ಣಾರ, ಬದಲಿ ಕೊಡ್ರಿ" ಅನ್ನಬಹುದು. ಸಂತೆಯಲ್ಲಿ ಸಿಗುವ ಅಗ್ಗದ ಬ್ಯಾಗ್ ಕೊಳ್ಳುವುದಾದರೆ ಭುಜದ ಪಟ್ಟಿಯ ಹೊಲಿಗೆಯನ್ನು ಎಳೆದು ನೋಡಿ. ಮುಂದಿನ ವಾರ ಆ ವ್ಯಾಪಾರಿ ಅದೇ ಜಾಗದಲ್ಲಿ ಇರುತ್ತಾನೆಂಬ ಖಾತ್ರಿ ಇಲ್ಲ.

ಇಂಡಿ ಕಡೆಯವರಿಗೆ ಸೊಲ್ಲಾಪುರವೂ ದೂರವಲ್ಲ. ಚಾದರಕ್ಕೆ ಹೆಸರಾದ ಆ ಊರು ಶಾಲಾ ಸಮವಸ್ತ್ರ ತಯಾರಿಕೆಗೂ ದೊಡ್ಡ ಕೇಂದ್ರ. ಕನ್ನಡದಲ್ಲೇ ವ್ಯವಹಾರ ಮಾಡುವ ಅಂಗಡಿಗಳೂ ಅಲ್ಲಿವೆ. ಆದರೆ ಗಡಿ ದಾಟಿ ಅಷ್ಟು ದೂರ ಹೋಗಲು ಶಕ್ತಿ ಟಿಕೆಟ್ ನಡೆಯುವುದಿಲ್ಲ. ಮೂರು-ನಾಲ್ಕು ಮಕ್ಕಳ ಬಟ್ಟೆ ಒಟ್ಟಿಗೇ ಕೊಳ್ಳುವವರಿಗೆ ಮಾತ್ರ ಅದು ಲಾಭ.

ಬೆಲೆ ನೋಡುವ ಬಗೆ

2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಶಾರ್ಪ್‌ನರ್, ಬಣ್ಣದ ಕ್ರೇಯಾನ್‌ಗಳ ಮೇಲೆ ಜಿಎಸ್‌ಟಿ ಇಲ್ಲ. ಕಂಪಾಸ್ ಪೆಟ್ಟಿಗೆಗೆ ಶೇ 12 ಇದ್ದದ್ದು ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ನೋಟ್‌ಬುಕ್ಕಿಗೆ ತೆರಿಗೆ ಹಾಕಿದ್ದರೆ ಕೇಳಲು ಸಂಕೋಚ ಬೇಡ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವಂತೆಯೂ ಇಲ್ಲ.

ನೋಟ್‌ಬುಕ್ ಕೊಳ್ಳುವಾಗ ರಟ್ಟಿನ ಮೇಲಿನ ಚಿತ್ರ ಬಿಟ್ಟು ಪುಟಗಳ ಸಂಖ್ಯೆ ನೋಡಿ. 200 ಪುಟದ್ದು 50 ರೂಪಾಯಿ, 160 ಪುಟದ್ದು 44 ರೂಪಾಯಿ ಅನ್ನಿ. ಎರಡನೆಯದು ಅಗ್ಗ ಅನಿಸುತ್ತದೆ. ಭಾಗಿಸಿ ನೋಡಿ: ಮೊದಲನೆಯದಕ್ಕೆ ಪುಟಕ್ಕೆ 25 ಪೈಸೆ, ಎರಡನೆಯದಕ್ಕೆ ಇಪ್ಪತ್ತೇಳೂವರೆ ಪೈಸೆ! ಒಂದು ಹಾಳೆಯ ಮೇಲೆ ಪೆನ್ನಿನಿಂದ ಗೀಚಿ, ಹಿಂದಕ್ಕೆ ಮಸಿ ಇಳಿಯುವುದೋ ಎಂದೂ ನೋಡಿ. ಇಳಿದರೆ ಮಕ್ಕಳು ಒಂದೇ ಬದಿ ಬರೆಯುತ್ತಾರೆ. ಅಗ್ಗದ್ದೇ ದುಬಾರಿಯಾಗುತ್ತದೆ.

ಒಂದೇ ಅಂಗಡಿಗೆ ಕಟ್ಟಿಹಾಕಿದರೆ?

ಇದು ಬಹಳ ತಾಯಂದಿರ ಸಂಕಟ. "ಇಂಥ ಅಂಗಡಿಯಲ್ಲೇ ತಗೊಳ್ಳಿ" ಎಂದು ಕೆಲವು ಶಾಲೆಗಳು ಚೀಟಿ ಕೊಡುತ್ತವೆ. ಅಲ್ಲಿ ಬೆಲೆ ಜಾಸ್ತಿ, ಬಾಯಿ ತೆರೆದರೆ ಮಗುವಿಗೆ ಎಲ್ಲಿ ತೊಂದರೆಯಾದೀತೋ ಎಂಬ ಭಯ. ಆದರೆ ನಿಯಮ ನಿಮ್ಮ ಪರವಾಗಿದೆ. ರಾಜ್ಯದ 1995ರ ಶಿಕ್ಷಣ ನಿಯಮಗಳ ಪ್ರಕಾರ ಶಾಲೆ ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು 5 ವರ್ಷ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಒಂದು ವರ್ಷ ಮೊದಲೇ ಪಾಲಕರಿಗೆ ತಿಳಿಸಬೇಕು. ಸಿಬಿಎಸ್‌ಇ ಕೂಡ 2017ರಲ್ಲಿ, ನಿರ್ದಿಷ್ಟ ಅಂಗಡಿಯಿಂದಲೇ ಪುಸ್ತಕ, ಸಮವಸ್ತ್ರ ಕೊಳ್ಳುವಂತೆ ಒತ್ತಾಯಿಸಬಾರದೆಂದು ತನ್ನ ಶಾಲೆಗಳಿಗೆ ಸೂಚಿಸಿತ್ತು.

ಒಬ್ಬರೇ ಹೋಗಬೇಡಿ, ಜಗಳಕ್ಕೂ ನಿಲ್ಲಬೇಡಿ. ನಾಲ್ಕಾರು ಪಾಲಕರು ಸೇರಿ ಮುಖ್ಯಗುರುಗಳ ಬಳಿ ಹೋಗಿ, "ಬಟ್ಟೆಯ ಬಣ್ಣ, ಪುಸ್ತಕದ ಪ್ರಕಾಶಕರ ಹೆಸರು ಬರೆದು ಕೊಡ್ರಿ ಸರ್, ನಾವು ನೋಡಿ ತಗೋತೀವಿ" ಎಂದು ಮರ್ಯಾದೆಯಿಂದ ಕೇಳಿ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಎಲ್ಲರ ಸಹಿಯ ಅರ್ಜಿ ಕೊಡಬಹುದು. ಈ ಕಚೇರಿ ನಾಲ್ಕೂ ಊರಲ್ಲಿದೆ.

ನೆನಪಿಡಿ

* ಸಮವಸ್ತ್ರ ಹೊಲಿಸುವಾಗ ಅಂಚಿನಲ್ಲಿ ಎರಡು ಇಂಚು ಒಳಮಡಿಕೆ ಬಿಡಿಸಿ. ಮುಂದಿನ ವರ್ಷ ಬಿಚ್ಚಿದರಾಯ್ತು.

* ಬೂಟನ್ನು ಸಂಜೆ ಕೊಳ್ಳಿ, ಮಗುವನ್ನು ಕರೆದೊಯ್ಯಿರಿ. ಬೆರಳ ಮುಂದೆ ಹೆಬ್ಬೆರಳಿನ ಅಗಲ ಜಾಗ ಸಾಕು. ಎರಡು ಸೈಜ್ ದೊಡ್ಡದು ತಂದರೆ ನಡಿಗೆ ಕೆಡುತ್ತದೆ.

* ದೊಡ್ಡ ಬ್ಯಾಗಿನ ಆಸೆ ಬೇಡ. 2019ರ ಸರ್ಕಾರಿ ಆದೇಶದಂತೆ 1-2ನೇ ತರಗತಿಯ ಮಗುವಿನ ಬ್ಯಾಗಿನ ತೂಕ 2 ಕೆ.ಜಿ., 3ರಿಂದ 5ನೇ ತರಗತಿಯದ್ದು 3 ಕೆ.ಜಿ. ದಾಟಬಾರದು.

* ಎಲ್ಲವನ್ನೂ ಜೂನ್ ಮೊದಲ ವಾರವೇ ಕೊಳ್ಳಬೇಡಿ. ಯಾವ ವಿಷಯಕ್ಕೆ ಎಷ್ಟು ನೋಟ್‌ಬುಕ್ ಎಂದು ಶಿಕ್ಷಕರು ಹೇಳಿದ ಮೇಲೆ ಉಳಿದದ್ದನ್ನು ತನ್ನಿ.

* ಬಿಲ್ ಕೇಳಿ ಪಡೆಯಿರಿ, ಜೋಪಾನವಾಗಿಡಿ. ಮುಂದಿನ ವರ್ಷದ ಲೆಕ್ಕಕ್ಕೆ ಅದೇ ಆಧಾರ.

ಪಕ್ಕದ ಮನೆಯ ಹುಡುಗನ ಕಾರ್ಟೂನ್ ಬ್ಯಾಗ್ ನೋಡಿ ನಿಮ್ಮ ಮಗು ಹಟ ಹಿಡಿದೀತು. ಆಗ ಗದರಬೇಡಿ. ಇಷ್ಟು ದುಡ್ಡಿದೆ, ಇದರಲ್ಲಿ ಬ್ಯಾಗ್, ಬೂಟು, ವಾಟರ್ ಬಾಟಲ್ ಮೂರೂ ಬರಬೇಕು, ನೀನೇ ಆರಿಸು ಎಂದು ಅಂಗಡಿಯಲ್ಲಿ ಅದರ ಕೈಗೇ ಲೆಕ್ಕ ಕೊಟ್ಟು ನೋಡಿ. ಶಾಲೆ ಶುರುವಾಗುವ ಮೊದಲೇ ಗಣಿತದ ಮೊದಲ ಪಾಠ ಮುಗಿದಿರುತ್ತದೆ!