ಗೋಡೆಯಿಲ್ಲದ ತರಗತಿ: ಕೊನೆ ಮುಟ್ಟುವವರೆಷ್ಟು?

ಒಂದು ತರಗತಿಯಲ್ಲಿ ಎಷ್ಟು ವಿದ್ಯಾರ್ಥಿಗಳು ಕೂರಬಹುದು? ಅರವತ್ತು? ನೂರು? 2012ರ ಮಾರ್ಚ್‌ನಲ್ಲಿ ಅಮೆರಿಕದ ಎಂಐಟಿ ಸಂಸ್ಥೆ ಆರಂಭಿಸಿದ ವಿದ್ಯುತ್ ಮಂಡಲ ಹಾಗೂ ಎಲೆಕ್ಟ್ರಾನಿಕ್ಸ್ ಪಾಠಕ್ಕೆ ಹೆಸರು ಬರೆಸಿದವರು ಸುಮಾರು 1,55,000 ಮಂದಿ! ಪ್ರವೇಶ ಪರೀಕ್ಷೆಯಿಲ್ಲ, ಶುಲ್ಕವಿಲ್ಲ, ಹಾಜರಿ ಪುಸ್ತಕವಂತೂ ಇಲ್ಲವೇ ಇಲ್ಲ. ಪಾಠದ ಮುಂದಾಳಾಗಿದ್ದ ಪ್ರೊ. ಅನಂತ್ ಅಗರ್‌ವಾಲ್ ಅವರು ಮಂಗಳೂರಿನಲ್ಲಿ ಓದಿ ಬೆಳೆದವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಇಂಥ ಪಾಠಗಳಿಗೆ 'ಮ್ಯಾಸಿವ್ ಓಪನ್ ಆನ್‌ಲೈನ್ ಕೋರ್ಸ್' ಎಂದು ಹೆಸರು. ಚಿಕ್ಕದಾಗಿ 'ಮೂಕ್'. ಹೆಸರು ಮೂಕ್ ಆದರೂ ಪಾಠ ಮಾತ್ರ ಮೂಕವಲ್ಲ!

ಅಂಚೆಯಿಂದ ಅಂತರ್ಜಾಲಕ್ಕೆ

ಮನೆಯಲ್ಲೇ ಕುಳಿತು ಓದುವುದು ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತ್ತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆದರೆ ಅಂಚೆಯಲ್ಲಿ ಬಂದ ಪಾಠಕ್ಕೆ ಪ್ರಶ್ನೆ ಕೇಳಿದರೆ ಉತ್ತರಕ್ಕಾಗಿ ಕಾಯಬೇಕಿತ್ತು.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದಲ್ಲಿ 2008ರಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಒಂದು ಪ್ರಯೋಗ ನಡೆಸಿದರು. ಶುಲ್ಕ ಕಟ್ಟಿದ 25 ವಿದ್ಯಾರ್ಥಿಗಳ ಜೊತೆ, ಅಂತರ್ಜಾಲದ ಮೂಲಕ ಸುಮಾರು 2,200 ಮಂದಿ ಪುಕ್ಕಟೆಯಾಗಿ ಸೇರಿಕೊಂಡರು. ಮೂಕ್ ಎಂಬ ಹೆಸರು ಹುಟ್ಟಿದ್ದು ಆಗಲೇ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಸುಮಾರು 1,60,000 ಮಂದಿ ಮುಗಿಬಿದ್ದರು. ಮರುವರ್ಷ ಕೋರ್ಸೆರಾ, ಯುಡಾಸಿಟಿ, ಎಡ್‌ಎಕ್ಸ್‌ಗಳು ತಲೆಯೆತ್ತಿದವು.

ಇಷ್ಟು ಜನಕ್ಕೆ ಪಾಠ ಹೇಳುವುದು ಹೇಗೆ? ಉಪನ್ಯಾಸವನ್ನು ಕೆಲವೇ ನಿಮಿಷಗಳ ತುಣುಕುಗಳಾಗಿ ಚಿತ್ರೀಕರಿಸುತ್ತಾರೆ. ನಡುನಡುವೆ ಪ್ರಶ್ನೆಗಳು ಬರುತ್ತವೆ. ಉತ್ತರವನ್ನು ಕಂಪ್ಯೂಟರೇ ತಿದ್ದಿ, ತಪ್ಪಾದರೆ ಆ ಕ್ಷಣದಲ್ಲೇ ತಿಳಿಸುತ್ತದೆ. ಸಂದೇಹ ಬಂದರೆ ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ಪರಿಹಾರ ಹೇಳುತ್ತಾರೆ.

ಬಾಗಿಲು ತೆರೆದರೆ ಸಾಕೇ?

ಎಂಐಟಿಯ ಆ 1,55,000 ಮಂದಿಯಲ್ಲಿ ತೇರ್ಗಡೆಯಾದವರು 7,157 ಮಾತ್ರ. ಅಂದರೆ ನೂರಕ್ಕೆ ಐದಕ್ಕಿಂತ ಕಡಿಮೆ! 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಾರ್ವರ್ಡ್ ಮತ್ತು ಎಂಐಟಿಯ ಇಂಥ ಪಾಠಗಳಿಗೆ ಹೆಸರು ಬರೆಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪಾಠವನ್ನು ತೆರೆದು ನೋಡಿರಲೇ ಇಲ್ಲ. 2017–18ರಲ್ಲಿ ಪೂರ್ಣಗೊಳಿಸಿದವರು ಶೇಕಡಾ 3ರಷ್ಟು.

ಕೊನೆ ಮುಟ್ಟಿದವರಲ್ಲಿ ಮಂಗೋಲಿಯಾದ ಬತ್ತುಷಿಗ್ ಎಂಬ 15 ವರ್ಷದ ಬಾಲಕನೂ ಇದ್ದ. ಪೂರ್ಣ ಅಂಕ ಗಳಿಸಿದ 340 ಮಂದಿಯಲ್ಲಿ ಅವನೊಬ್ಬ. ಮುಂದೆ ಎಂಐಟಿಗೇ ಸೇರಿದ. ಆದರೆ ಅವನು ಒಂಟಿಯಾಗಿ ಓದಿದವನಲ್ಲ. ಎಂಐಟಿಯಲ್ಲಿ ಕಲಿತು ಬಂದಿದ್ದ ಅವನ ಶಾಲೆಯ ಮುಖ್ಯೋಪಾಧ್ಯಾಯರು ಆ ಪಾಠವನ್ನು ಶಾಲೆಗೆ ತಂದಿದ್ದರು. ಸ್ಟ್ಯಾನ್‌ಫರ್ಡ್‌ನಿಂದ ಬಂದ ಅವರ ಗೆಳೆಯರೊಬ್ಬರು ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸಿದ್ದರು. ಪಾಠ ಬಂದದ್ದು ಸಾಗರದಾಚೆಯಿಂದಲಾದರೂ ಬೆನ್ನು ತಟ್ಟುವವರು ಪಕ್ಕದಲ್ಲೇ ಇದ್ದರು!

ನಮ್ಮ ದಾರಿ

ಭಾರತದಲ್ಲಿ ಏಳು ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ 'ಎನ್‌ಪಿಟೆಲ್' ಯೋಜನೆ ಆರಂಭಿಸಿದವು. 2014ರಿಂದ ಅದು ಪ್ರಮಾಣಪತ್ರ ನೀಡತೊಡಗಿತು. ಪಾಠ ಉಚಿತ, ಆದರೆ ಪ್ರಮಾಣಪತ್ರ ಬೇಕಾದರೆ ಶುಲ್ಕ ಕಟ್ಟಿ, ನಿಗದಿತ ಕೇಂದ್ರದಲ್ಲಿ ಮೇಲ್ವಿಚಾರಕರ ಎದುರು ಪರೀಕ್ಷೆ ಬರೆಯಬೇಕು. ಕಾಲೇಜುಗಳಲ್ಲಿ ಸ್ಥಳೀಯ ಘಟಕಗಳನ್ನು ತೆರೆದು, ಅಧ್ಯಾಪಕರೇ ಮಾರ್ಗದರ್ಶಕರಾಗುವ ಏರ್ಪಾಡೂ ಇದೆ. 2017ರ ಜುಲೈನಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ ಬಂತು. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ಕೋರ್ಸುಗಳನ್ನು ಇದರ ಮೂಲಕ ಓದಿ ಕ್ರೆಡಿಟ್ ಪಡೆಯಬಹುದು.

ಅಧ್ಯಾಪಕರ ಕೊರತೆಯಿರುವ ಊರಿನ ಕಾಲೇಜಿಗೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ಪರದೆಯ ಮೇಲೆ ಪಾಠ ಬರುತ್ತದಲ್ಲ ಎಂದು ಅಧ್ಯಾಪಕರ ಹುದ್ದೆಯನ್ನು ಖಾಲಿ ಬಿಟ್ಟರೆ, ಆ ಊರಿನ ಹುಡುಗ ಹುಡುಗಿಯರೂ ಹೆಸರು ಬರೆಸಿ ಮರೆತವರ ಪಟ್ಟಿಗೇ ಸೇರುತ್ತಾರೆ.

'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎನ್ನುತ್ತದೆ ಗಾದೆ. ಈಗ ದೇಶವನ್ನೇ ಸುತ್ತಿಕೊಂಡು ಕೋಶ ಮನೆಬಾಗಿಲಿಗೆ ಬಂದಿದೆ. ಕೊನೆಯ ಪುಟದವರೆಗೆ ಓದಿಸಲು ಮಾತ್ರ ಇಂದಿಗೂ ಪಕ್ಕದಲ್ಲೊಬ್ಬ ಮೇಷ್ಟ್ರು ಬೇಕು.